ಅಕ್ಕಾರ ಎಡಗೈ

ಕಳೆದ ವಾರ ದಡ್ಡಿ ಎಂಬ ಊರಿನಲ್ಲಿ ಒಬ್ಬ ರೈತರ ಮನೆಯ ಕಟ್ಟೆಯ ಮೇಲೆ ಕುಳಿತು ಹೊಳೆಯ ನೀರಿನ ಬಗ್ಗೆ ಮಾಹಿತಿ ಬರೆದುಕೊಳ್ಳುತ್ತಿದ್ದೆ. ಒಳಗಿನಿಂದ ಜೋಳದ ರೊಟ್ಟಿ ಸೀದ ವಾಸನೆ ಬಂತು. ಚಪಾತಿ ಸೀದರೆ ಹೊಗೆಯಲ್ಲಿ ಸ್ವಲ್ಪ ಸಿಹಿ ಇರುತ್ತದೆ. ಜೋಳದ್ದು ಒಣ ವಾಸನೆ, ನೇರ ಮೂಗಿನ ಮೇಲ್ಭಾಗಕ್ಕೆ ಹೋಗಿ ಕೂಡುತ್ತದೆ. ನನ್ನೆದುರಿನ ರೈತರು, ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದ ಅವರ ತಾಯಿ, ಗೋಡೆಯಾಚೆಯ ನೆರೆಯವಳು ಮೂವರೂ ಒಂದೇ ಸಲಕ್ಕೆ, "ರೊಟ್ಟಿ ಹೊತ್ತಾಕತ್ತೇತಿ ನೋಡ್ರಿ" ಎಂದು ಕೂಗಿದರು. ಒಳಗೆ ಹಂಚಿನ ಸದ್ದಾಯಿತು. ರೈತರು ಮಾತು ಮುಂದುವರಿಸಿದರು. ನಾನು ಮಾತ್ರ ಪೆನ್ನು ಹಿಡಿದು ಹಾಗೇ ಕುಳಿತಿದ್ದೆ.

ಗೋಕಾಕದ ಹಳೆಯ ಪೇಟೆಯ ಒಂದು ಖಾನಾವಳಿಯಲ್ಲಿ ಇದೇ ವಾಸನೆ ತುಂಬಿದ್ದ ಒಂದು ಮಧ್ಯಾಹ್ನ ಹಂಚಿನ ಮುಂದೆಯೇ ಕುಳಿತಿದ್ದವರಿಗೆ ಮಾತ್ರ ಅದು ಬಂದಿರಲಿಲ್ಲ...

ಪತ್ರಿಕೆಗೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ವರದಿ ಬರೆಯುವುದು ನನ್ನ ಪಾಲಿಗಿದ್ದ ಕಾಲ ಅದು. ಆ ಖಾನಾವಳಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಖಾನಾವಳಿ ನಡೆಸುತ್ತಿದ್ದವರನ್ನು ಉಣ್ಣುವವರೆಲ್ಲ ಅಕ್ಕಾರು ಎನ್ನುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ತವರು ತುಕ್ಕಾನಟ್ಟಿ. ಮದುವೆಯಾಗಿ ಬಂದದ್ದು ಕೊಣ್ಣೂರಿಗೆ, ಕಬ್ಬಿನ ಹೊಲದ ಮನೆಗೆ. ಗಂಡ ತೀರಿಕೊಂಡ ಮೇಲೆ ಗೋಕಾಕಕ್ಕೆ ಬಂದು ಒಲೆ ಹೂಡಿದವರು. ಬಡಿಸುವುದು ಸೊಸೆಯ ಕೆಲಸ, ರೊಟ್ಟಿ ಬಡಿಯುವುದು ಅಕ್ಕಾರದು. ಕೊನೆಯ ಗಿರಾಕಿ ಕೈ ತೊಳೆದ ಮೇಲೆಯೇ ಅವರ ಊಟ. ಮಧ್ಯಾಹ್ನದ್ದು ಮೂರೂವರೆಯಾಗುತ್ತಿತ್ತು. ಬೆಳಗಿನ ಅವಲಕ್ಕಿ ಬಿಟ್ಟರೆ ಅದಕ್ಕಿಂತ ಮೊದಲು ಅವರು ಒಂದು ತುತ್ತು ಬಾಯಿಗೆ ಹಾಕಿದ್ದನ್ನು ಯಾರೂ ನೋಡಿರಲಿಲ್ಲ.

ಮೊದಲು ಕೆಟ್ಟದ್ದು ರೊಟ್ಟಿಯ ಆಕಾರ. ರೊಟ್ಟಿ ಬಡಿಯುವುದನ್ನು ನೋಡಿದವರಿಗೆ ಗೊತ್ತು, ಬಲಗೈ ತಟ್ಟುತ್ತದೆ, ಎಡಗೈ ಅಂಚು ಹಿಡಿದು ತಿರುಗಿಸುತ್ತಾ ಹೋಗುತ್ತದೆ. ಅಕ್ಕಾರ ರೊಟ್ಟಿ ಒಂದು ಕಡೆ ಉದ್ದವಾಗತೊಡಗಿತು. ದಿನವೂ ಉಣ್ಣಲು ಬರುತ್ತಿದ್ದ ಬಸ್ ಕಂಡಕ್ಟರ್ ಒಬ್ಬರು ಅದನ್ನು ಎತ್ತಿ ಹಿಡಿದು ತೋರಿಸಿದರು.

"ಅಕ್ಕಾರ, ಇದು ರೊಟ್ಟಿನೋ ಗೋಕಾಕ ತಾಲೂಕಿನ ನಕಾಶೆನೋ?"

"ಮೂಡಲಗಿ ಮುರದು ಬ್ಯಾರೆ ಕೊಡತೇನಿ, ಸುಮ್ಮ ತಿನ್ನು" ಎಂದರು ಅಕ್ಕಾರು. ಮೂಡಲಗಿ ಪ್ರತ್ಯೇಕ ತಾಲೂಕಾದ ಹೊಸತು. ಎಲ್ಲರೂ ನಕ್ಕೆವು. ಎಡಗೈ ಹಿಂದೆ ಬೀಳುತ್ತಿದೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಆ ಮಧ್ಯಾಹ್ನ. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಓಣಿಯವರೆಗೂ ವಾಸನೆ ಹೋಗಿತ್ತು. ಅಕ್ಕಾರು ಅದರ ಮುಂದೆಯೇ ಕುಳಿತು ಮುಂದಿನ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ಸೊಸೆ ಓಡಿ ಬಂದು ರೊಟ್ಟಿ ಎತ್ತಿದಳು. "ಅತ್ತಿ, ವಾಸನಿ ಬರಲಿಲ್ಲೇನ್ರಿ?" ಅಕ್ಕಾರು ಸುಟ್ಟ ರೊಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. "ನೆಗಡಿ ಆಗೇತಿ" ಎಂದರು. ಅವರಿಗೆ ನೆಗಡಿ ಇರಲಿಲ್ಲ.

ಎಡಗೈಗೆ ನಡುಕವೂ ಇತ್ತು. ಅದನ್ನು ನಾವು ನೋಡಲೇ ಇಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ. ಕಾರಣ ಸರಳ. ಅವರಿಗೆ ಬಂದಿದ್ದ ಕಾಯಿಲೆಯ ನಡುಕ ಕೈ ಸುಮ್ಮನಿದ್ದಾಗ ಬರುತ್ತದೆ, ಕೆಲಸಕ್ಕಿಳಿದರೆ ಅಡಗುತ್ತದೆ. ಅಕ್ಕಾರ ಕೈ ಸುಮ್ಮನಿರುತ್ತಿದ್ದುದು ದಿನಕ್ಕೆ ಒಂದೇ ಸಲ, ಬೆಳಗಿನ ಪೂಜೆಯಲ್ಲಿ. ಎಡ ಅಂಗೈಯ ಮೇಲೆ ಲಿಂಗವಿಟ್ಟುಕೊಂಡು, ದೃಷ್ಟಿ ಅದರಲ್ಲಿ ನಿಲ್ಲಿಸಿ ಕೂಡುವ ಪೂಜೆ ಅದು. ಅಂಗೈ ಸ್ಥಿರ, ಮನಸ್ಸು ಸ್ಥಿರ. ಹಾಗೆಂದೇ ಅವರು ಚಿಕ್ಕಂದಿನಿಂದ ಕಲಿತಿದ್ದರು.

ಒಂದು ಬೆಳಿಗ್ಗೆ ಬಸ್ಸಿಗೆ ಹೊರಟು ಮೆಟ್ಟಿಲಿಳಿಯುವಾಗ ತೆರೆದ ಬಾಗಿಲಿನಿಂದ ಅದು ನನ್ನ ಕಣ್ಣಿಗೆ ಬಿತ್ತು. ಎಡ ಅಂಗೈ ಎದೆಯ ಮಟ್ಟದಲ್ಲಿ ಒಂದೇ ಸಮನೆ ಅಲುಗುತ್ತಿತ್ತು. ಕೆಳಗೆ ಬಲಗೈ ಆಸರೆಯಾಗಿ ಹಿಡಿದಿದ್ದರು. ಸಂಜೆ ನಾನು ಕೇಳಿದೆ. ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಮನಸು ನಿಲ್ಲವಲ್ದು ತಮ್ಮಾ" ಎಂದರು. "ಅದಕ್ಕ ಕೈ ನಿಲ್ಲವಲ್ದು."

"ಎಷ್ಟು ದಿನದಿಂದ?"

"ವರ್ಷ ಆತು. ಯಾರ ಮುಂದೂ ಹೇಳಬ್ಯಾಡ."

ಆ ಒಂದು ವರ್ಷದಲ್ಲಿ ಅವರು ಮಾಡಿದ ಚಿಕಿತ್ಸೆ ಎಂದರೆ ಅರ್ಧ ಗಂಟೆಯ ಪೂಜೆಯನ್ನು ಒಂದು ಗಂಟೆಗೆ ಏರಿಸಿದ್ದು, ಸೋಮವಾರ ರಾತ್ರಿಯ ಊಟ ಬಿಟ್ಟದ್ದು. ಕೈಯ ದೋಷವನ್ನು ಭಕ್ತಿಯ ದೋಷವೆಂದು ತಿಳಿದು ಒಬ್ಬರೇ ಅದರೊಂದಿಗೆ ಗುದ್ದಾಡಿದ್ದರು. ನಾನು ಸೊಸೆಗೆ ಹೇಳಿದೆ. ಮೂವರೂ ಬೆಳಗಾವಿಗೆ ಹೋದೆವು.

ಅಲ್ಲಿಯ ನರರೋಗದ ಡಾಕ್ಟರು ನಮ್ಮ ಕಡೆಯವರೇ. ಅಕ್ಕಾರನ್ನು ಓಣಿಯಷ್ಟುದ್ದದ ಪಡಸಾಲೆಯಲ್ಲಿ ನಡೆಸಿ ನೋಡಿದರು. ಬಲಗೈ ಬೀಸುತ್ತಿತ್ತು, ಎಡಗೈ ಮೈಗೆ ಅಂಟಿಕೊಂಡೇ ಇತ್ತು. ಬೆರಳಿಗೆ ಬೆರಳು ತಟ್ಟಿಸಿದರು. ವಾಸನೆ ಯಾವಾಗಿನಿಂದ ಇಲ್ಲ, ಮಲಬದ್ಧತೆ ಇದೆಯೇ, ನಿದ್ದೆಯಲ್ಲಿ ಕೈಕಾಲು ಬಡಿಯುತ್ತಾರೆಯೇ ಎಂದು ಕೇಳಿದರು. "ಒದರತಾರ್ರಿ, ಒದೀತಾರ್ರಿ" ಎಂದಳು ಸೊಸೆ. "ನಾವು ಕೆಟ್ಟ ಕನಸ ಅಂತ ತಿಳಕೊಂಡಿದ್ದಿವ್ರಿ." ಇವೆಲ್ಲ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಬರಬಹುದು ಎಂದರು ಡಾಕ್ಟರು. ಕಾಯಿಲೆಯ ಹೆಸರು ಪಾರ್ಕಿನ್ಸನ್ಸ್ ಎಂದರು.

"ಇದು ಮನಸಿಂದಲ್ರಿ ಅಕ್ಕಾರ. ಮಿದುಳಿನ್ಯಾಗ ಒಂದು ರಸ ಕಡಿಮಿ ಆಗೇತಿ."

"ಹಂಗಾರ ನನ್ನ ಪೂಜಿದು ತಪ್ಪಿಲ್ಲ?"

"ಏನೂ ತಪ್ಪಿಲ್ರಿ."

ಅಕ್ಕಾರು ನಕ್ಕರು. ಇಂಥ ಕಾಯಿಲೆಯ ಹೆಸರು ಕೇಳಿ ಹಗುರಾದವರನ್ನು ನಾನು ಬೇರೆ ನೋಡಿಲ್ಲ.

ಯಾಕೆ ಬಂತು ಎಂದು ಕೇಳಿದವನು ನಾನು. ಒಂದೇ ಕಾರಣ ಅಂತ ಯಾರಿಗೂ ಗೊತ್ತಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ವಯಸ್ಸು ಒಂದು, ಕೆಲವು ಮನೆತನಗಳಲ್ಲಿ ರಕ್ತದಿಂದ ಬರುವುದು ಒಂದು, ತಲೆಗೆ ಬಿದ್ದ ಪೆಟ್ಟು, ಹೊಲಕ್ಕೆ ಹೊಡೆಯುವ ವಿಷ. ಅದನ್ನು ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. "ಎಣ್ಣಿ ಮುಟ್ಟೀರೇನ್ರಿ?" ಎಂದು ಕೇಳಿದಾಗ ಅಕ್ಕಾರು ಮೊಣಕೈವರೆಗೆ ಸೆರಗು ಸರಿಸಿ ತೋರಿಸಿದರು. ತವರಿನಲ್ಲಿ, ಆಮೇಲೆ ಕೊಣ್ಣೂರಿನಲ್ಲಿ, ಪೀಪಾಯಿಯ ನೀರಿಗೆ ಎಣ್ಣೆ ಸುರಿದು ಇಲ್ಲಿಯವರೆಗೂ ಕೈ ಮುಳುಗಿಸಿ ಕಲಸುತ್ತಿದ್ದರಂತೆ. ಕಟ್ಟಿಗೆಯಿಂದ ಕಲಸಿದರೆ ತಳದಲ್ಲಿ ಗಡ್ಡೆ ಉಳಿಯುತ್ತದೆ, ಕೈಗೆ ಗೊತ್ತಾಗುತ್ತದೆ ಎಂಬ ಲೆಕ್ಕ. ಹಿಟ್ಟು ನಾದುವವರ ಬುದ್ಧಿ ಅದು. ಕೈ ತೊಳೆಯುತ್ತಿದ್ದದ್ದು ಪಕ್ಕದ ಬಾವಿಯ ನೀರಲ್ಲಿ, ಕುಡಿಯುತ್ತಿದ್ದದ್ದೂ ಅದನ್ನೇ.

ನನಗೆ ಆಗಲೇ ಸುದ್ದಿಯ ತಲೆಬರಹ ಕಂಡಿತ್ತು. ಡಾಕ್ಟರು ನನ್ನ ಪೆನ್ನಿನ ಕಡೆ ನೋಡಿ, "ಹಂಗ ಬರೀಬ್ಯಾಡ್ರಿ" ಎಂದರು. ವಿಷ ಅಪಾಯ ಹೆಚ್ಚಿಸುತ್ತದೆ ಎನ್ನಬಹುದು, ಇವರಿಗೆ ಅದರಿಂದಲೇ ಬಂತು ಎನ್ನಲು ಆಗುವುದಿಲ್ಲ. ತವರಿನಲ್ಲಿರುವ ಅಣ್ಣ ತಮಗಿಂತ ಹೆಚ್ಚು ವರ್ಷ ಅದೇ ಪೀಪಾಯಿಯಲ್ಲಿ ಕೈಯಾಡಿಸಿದವನು, ಗಟ್ಟಿಯಾಗಿದ್ದಾನೆ ಎಂದು ಅಕ್ಕಾರೂ ಹೇಳಿದರು. ನಾನು ಪೆನ್ನು ಮುಚ್ಚಿದೆ.

ಬಸ್ಸಿನಲ್ಲಿ ಅಕ್ಕಾರು, "ಯಾಕ ಬಂತು ಅನ್ನೂದು ನಿನ್ನ ಪೇಪರಿಗೆ ಬೇಕು ತಮ್ಮಾ. ನನಗ ನಾಳೆ ಐವತ್ತು ಮಂದಿಗೆ ರೊಟ್ಟಿ ಬೇಕು" ಎಂದರು.

ಅಲ್ಲಿಂದ ಮೂರು ತಿಂಗಳು ಎಲ್ಲವೂ ಹದಗೆಡುತ್ತಾ ಹೋಯಿತು. ಗುಳಿಗೆ ದಿನಕ್ಕೆ ಮೂರು ಹೊತ್ತು ಎಂದಿತ್ತು. ಜತೆಗೆ ಓಡಾಟ, ವ್ಯಾಯಾಮ ಹೆಚ್ಚಬೇಕು ಎಂದೂ ಡಾಕ್ಟರು ಹೇಳಿದ್ದರು. ಸೊಸೆಗೆ ಅತ್ತೆಯ ಮೇಲೆ ಜೀವ. ಕಾಯಿಲೆಯವರಿಂದ ದುಡಿಸಿದರೆ ಜನ ಏನಂದಾರು ಎಂಬ ಅಂಜಿಕೆಯೂ ಇತ್ತು. ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿ, "ನೀವು ಕುಂದರ್ರಿ ಅತ್ತಿ, ನಾ ಮಾಡತೇನಿ" ಎಂದು ಕೂಡಿಸಿದಳು. ಗಿರಾಕಿಗಳಾದ ನಾವೂ ಸೊಸೆಯನ್ನು ಹೊಗಳಿದೆವು. ಅಕ್ಕಾರು ಕೂತಲ್ಲೇ ಬಿಗಿಯಾಗುತ್ತಾ ಹೋದರು. ಹೆಜ್ಜೆ ಗಿಡ್ಡವಾಯಿತು. ಹಟ ಹಿಡಿದು ಹಂಚಿನ ಮುಂದೆ ಕೂತ ದಿನಗಳಲ್ಲೂ ಊಟದ ಗದ್ದಲದ ಹೊತ್ತಿಗೆ ಎಡಗೈ ಪೂರ್ತಿ ನಿಂತುಬಿಡುತ್ತಿತ್ತು. ಒಂದು ದಿನ ಅವರು ಎದ್ದು ಕೈ ಒರೆಸಿಕೊಂಡರು.

"ದೀಪಾವಳಿಗೆ ಬಂದ್ ಮಾಡೂಣು" ಎಂದರು ಸೊಸೆಗೆ. "ಗುಳಿಗಿನೂ ಕೇಳವಲ್ದು. ಈ ರೋಗದ ಕೈಲಿ ಬಂದ್ ಆಗೂದು ನನ್ನ ಹಣ್ಯಾಗ ಬರದೇತಿ."

ಆ ಒಲೆಯನ್ನು ಅವರು ಒಬ್ಬರೇ ಹೂಡಿದ್ದರು. ಅದು ಆರುವುದಾದರೆ ತಾವು ಆರಿಸಿದ ದಿನ ಆರಬೇಕು, ಒಂದು ನಡುಕ ಬಂದು ಆರಿಸಬಾರದು. ಅವರಿಗಿದ್ದ ಸಂಕಟ ಅಷ್ಟೇ, ಅದು ಸಣ್ಣದಲ್ಲ.

ಎರಡನೆಯ ಸಲ ಬೆಳಗಾವಿಗೆ ಹೋದಾಗ ಡಾಕ್ಟರು, ಯಾವ ಹೊತ್ತಿಗೆ ಹೆಚ್ಚು ಬಿಗಿಯುತ್ತದೆ ಎಂದು ಕೇಳಿದರು. ಅಕ್ಕಾರು, ಯಾವಾಗಲೂ ಎಂದರು. ಸೊಸೆ, ಸಂಜೆ ಎಂದಳು. ಡಾಕ್ಟರು ನನ್ನ ಕಡೆ ತಿರುಗಿದರು. ನಾಲ್ಕು ವರ್ಷದಿಂದ ದಿನಕ್ಕೆರಡು ಹೊತ್ತು ಅವರ ಎದುರು ಕುಳಿತು ಉಂಡವನು ನಾನು. ಕಂಡದ್ದನ್ನು ಬರೆಯುವುದೇ ನನ್ನ ಪಗಾರದ ಕೆಲಸ. ನನಗೆ ಉತ್ತರ ಗೊತ್ತಿರಲಿಲ್ಲ.

ಮರುದಿನದಿಂದ ಹತ್ತು ದಿನ ನಾನು ಅಕ್ಕಾರ ಬಗ್ಗೆ ವರದಿ ಬರೆದೆ. ನಾನು ಊರಲ್ಲಿಲ್ಲದಾಗ ಸೊಸೆ ಬರೆದಳು, ಮಧ್ಯಾಹ್ನ ಕಂಡಕ್ಟರೂ ಬರೆದರು. ಅಭಿಪ್ರಾಯ ಬೇಡ, ಗಂಟೆ ಮತ್ತು ಕಂಡದ್ದು ಮಾತ್ರ ಬೇಕೆಂದು ಇಬ್ಬರಿಗೂ ತಾಕೀತು ಮಾಡಿದ್ದೆ. ಬೆಳಿಗ್ಗೆ ಏಳು: ಪೂಜೆ ಮುಗಿಯಿತು, ಕೈ ಅಲುಗುತ್ತಿದೆ. ಏಳೂವರೆ: ಒಂದು ಲೋಟ ಹಾಲು, ಅವಲಕ್ಕಿ, ಗುಳಿಗೆ. ಹನ್ನೆರಡೂವರೆ: ಎಡಗೈ ನಿಂತಿದೆ, ಎದ್ದೇಳಲು ಎರಡು ಸಲ ಪ್ರಯತ್ನ. ಮೂರು ಮುಕ್ಕಾಲು: ಊಟ, ಮಡಕಿ ಕಾಳಿನ ಪಲ್ಯ, ಮೊಸರು, ಗುಳಿಗೆ. ರಾತ್ರಿಯದೂ ಹಾಲಿನ ಜತೆಗೆ. ಕಂಡಕ್ಟರು ಒಂದು ದಿನ ತಾಕೀತು ಮೀರಿ, "ಹನ್ನೆರಡು ನಲವತ್ತು: ನನಗೆ ಬೈದರು, ದನಿ ಚಲೋ ಐತಿ" ಎಂದು ಬರೆದಿದ್ದರು.

ಆಮೇಲೆ ಮತ್ತೆ ಬೆಳಗಾವಿಗೆ ಹೋದೆವು. ಡಾಕ್ಟರು ಹಾಳೆಗಳನ್ನು ಎರಡು ಸಲ ಓದಿದರು.

"ಮಧ್ಯಾಹ್ನದ ಗುಳಿಗಿ ಮೂರೂ ಮುಕ್ಕಾಲಕ್ಕ ಯಾಕ ತಗೋತೀರ್ರಿ?"

"ಊಟ ಆದ ಮ್ಯಾಲ ಅಲ್ರಿ ಗುಳಿಗಿ?" ಎಂದರು ಅಕ್ಕಾರು. "ನನ್ನ ಊಟ ಅವಾಗ."

"ಹಾಲು?"

"ಇಂಗ್ಲಿಷ್ ಗುಳಿಗಿ ಹೀಟ್ ಅಲ್ರಿ... ಖಾಲಿ ಹೊಟ್ಟ್ಯಾಗ ಹೆಂಗ?"

ಡಾಕ್ಟರು ಹಣೆಗೆ ಕೈ ಹಚ್ಚಿಕೊಂಡರು. ಹೇಗೆ ತೆಗೆದುಕೊಳ್ಳಬೇಕೆಂದು ಬಿಡಿಸಿ ಹೇಳದಿದ್ದದ್ದು ತಮ್ಮ ತಪ್ಪು ಎಂದರು. ಹಾಲು, ಮೊಸರು, ಕಾಳಿನಲ್ಲಿರುವ ಪ್ರೋಟೀನು ಈ ಗುಳಿಗೆಯ ದಾರಿಗೆ ಅಡ್ಡ ಬರುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು, ಬರೀ ನೀರಿನ ಜತೆ ನುಂಗಬೇಕು. ಅಕ್ಕಾರ ಮಧ್ಯಾಹ್ನದ ಗುಳಿಗೆ ಹೊಟ್ಟೆಗೆ ಹೋಗುತ್ತಿದ್ದದ್ದು ಐವತ್ತು ಜನ ಉಂಡು ಎದ್ದ ಮೇಲೆ, ಅದೂ ಕಾಳು ಮೊಸರಿನ ನಡುವೆ. ಬೇಕಾದ ಹೊತ್ತಿಗೆ ಅದು ಒಂದು ದಿನವೂ ಇರಲಿಲ್ಲ. ಡಾಕ್ಟರು ಅದನ್ನು ಹನ್ನೊಂದಕ್ಕೆ ತಂದರು. ಕುರ್ಚಿಯ ವಿಷಯ ಕೇಳಿ ಅವರ ಮುಖ ಗಂಟಾಯಿತು.

"ಅದನ್ನ ಮೊದಲ ತಗೀರಿ. ಈ ರೋಗ ನಿಲ್ಲಿಸೋ ಔಷಧ ಇನ್ನೂ ಇಲ್ರಿ, ನಾ ಸುಳ್ಳ ಹೇಳೂದಿಲ್ಲ. ಗುಳಿಗಿ ಕೈ ಸಡಲ ಮಾಡತೇತಿ, ಅಷ್ಟ. ರೋಗದ ಓಟ ಏನರ ಕಡಿಮಿ ಆದ್ರ ಅದು ಮೈ ದುಡಿಸೂದರಿಂದನ ಆಗಬಹುದು ಅಂತ ನಮಗ ಆಸೆ ಐತಿ. ಉಸಿರ ಏರಬೇಕು, ಕೈ ಕಾಲು ದೊಡ್ಡದಾಗಿ ಬೀಸಬೇಕು. ರೊಟ್ಟಿ ಬಡೀಲಿ, ಬಿಡಸಬ್ಯಾಡ್ರಿ."

ಸೊಸೆ ಅಲ್ಲೇ ಅತ್ತಳು. ಅಕ್ಕಾರು ಅವಳ ಬೆನ್ನ ಮೇಲೆ ಕೈಯಿಟ್ಟು, "ನೀ ಕೂಡಿಸಿದಿ ಅಂತ ನಾ ಯಾಕ ಕೂತ್ನಿ? ನನಗೂ ಸಾಕಾಗಿತ್ತು" ಎಂದರು. ಗೋಕಾಕಕ್ಕೆ ಬಂದು ಸಂಗತಿ ಹೇಳಿದಾಗ ಕಂಡಕ್ಟರು, "ಅಂದ್ರ ಗುಳಿಗಿಗೆ ಸೀಟ್ ಸಿಕ್ಕಿದ್ದಿಲ್ಲ, ಫುಟ್‌ಬೋರ್ಡ್ ಮ್ಯಾಲ ನಿಂತಿತ್ತು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಎರಡು ವಾರದಲ್ಲಿ ವ್ಯತ್ಯಾಸ ಕಂಡಿತು. ರೊಟ್ಟಿ ಮೊದಲಿನಷ್ಟು ದುಂಡಗೆ ಬರಲಿಲ್ಲ, ಆದರೆ ಮಧ್ಯಾಹ್ನದ ಗದ್ದಲದಲ್ಲಿ ಎಡಗೈ ತಿರುಗುತ್ತಿತ್ತು. ದೀಪಾವಳಿ ಬಂದು ಹೋಯಿತು, ಬಾಗಿಲು ತೆರೆದೇ ಇತ್ತು. ದಿನವೂ ಸಂಜೆ ಅಕ್ಕಾರು ಪೇಟೆಯಿಂದ ನದಿಯ ಕಡೆ ಕೈ ಬೀಸಿಕೊಂಡು ನಡೆಯತೊಡಗಿದರು. ಓಣಿಯ ಹೆಣ್ಣುಮಕ್ಕಳು, "ಅಕ್ಕಾರು ಮಿಲ್ಟ್ರಿ ಸೇರ್ಯಾರ" ಎಂದು ನಗುತ್ತಿದ್ದರು. "ನೀವೂ ಬರ್ರಿ, ಜಾಗಾ ಐತಿ" ಎನ್ನುತ್ತಿದ್ದರು ಇವರು. ಇಬ್ಬರು ಹೋಗತೊಡಗಿದರು ಕೂಡ.

ಬೆಳಗಿನ ಪೂಜೆಯನ್ನು ಅವರು ಗುಳಿಗೆಗಿಂತ ಮೊದಲೇ ಇಟ್ಟುಕೊಂಡರು. ಪೂಜೆಗೆ ಮುಂಚೆ ಬಾಯಿಗೆ ಏನೂ ಹಾಕದ ನೇಮ ಅವರದು. ಹಾಗಾದರೆ ಕೈ ಅಲುಗುತ್ತದಲ್ಲ ಎಂದೆ. "ಅಲುಗಿದ್ರ ಅಲುಗಲಿ. ಲಿಂಗ ಬೀಳಬಾರದು, ಅಷ್ಟ" ಎಂದರು. ಪೂಜೆ ಮತ್ತೆ ಅರ್ಧ ಗಂಟೆಗೆ ಇಳಿದಿತ್ತು.

ಒಮ್ಮೆ ಅವರ ಜತೆ ತುಕ್ಕಾನಟ್ಟಿಗೂ ಹೋಗಿದ್ದೆ. ಅಣ್ಣನ ಹೊಲದಲ್ಲಿ ಎಣ್ಣೆ ಕಲಸುತ್ತಿದ್ದರು, ಬರಿಗೈಯಲ್ಲಿ. ಅಕ್ಕಾರು ಪೀಪಾಯಿಯ ಪಕ್ಕ ನಿಂತು ಉದ್ದನೆಯ ಕಟ್ಟಿಗೆ ತರಿಸಿದರು, ಕೈಗವಸು ಹಾಕಿಸಿದರು, ಮೂಗಿಗೆ ಬಟ್ಟೆ ಕಟ್ಟಿಸಿದರು. ಅಣ್ಣ ನಕ್ಕ. "ನನಗೇನಾಗೇತಿ ನೋಡ, ಕಲ್ಲ ಇದ್ದಂಗ ಅದೇನಿ."

"ನಿನಗೇನೂ ಆಗಿಲ್ಲಂತ ನನ್ನ ಕೈ ಸುಮ್ಮಾತೇನು?" ಎಂದರು ಅಕ್ಕಾರು. ಅಣ್ಣ ಕಟ್ಟಿಗೆ ತೆಗೆದುಕೊಂಡ. ಆ ಕುರಿತು ನಾನು ಬರೆದ ಸುದ್ದಿ ಒಳಪುಟದಲ್ಲಿ ಸಣ್ಣದಾಗಿ ಬಂತು. ಕಾರಣವಿರಬಹುದು ಎಂದೇ ಬರೆದಿದ್ದೆ, ಕಾರಣ ಎಂದಲ್ಲ.

ಲಾಕ್‌ಡೌನಿನಲ್ಲಿ ಗಿರಾಕಿಗಳಿಲ್ಲದ ದಿನಗಳಲ್ಲೂ ಅವರು ರೊಟ್ಟಿ ಬಿಡಲಿಲ್ಲ. ಬಡಿದದ್ದನ್ನೆಲ್ಲ ನಾಕಾಬಂದಿಯ ಪೊಲೀಸರಿಗೆ ಕಳಿಸುತ್ತಿದ್ದರು. ಕಾಯಿಲೆಯೂ ತನ್ನ ಕೆಲಸ ಬಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಗುಳಿಗೆ ಹೆಚ್ಚಿತು. ದನಿ ಸಣ್ಣದಾಯಿತು, ಬಲಗೈಗೂ ನಡುಕ ಬಂತು. ಆದರೂ ಐದು ವರ್ಷ ಆ ಹಂಚಿನ ಮುಂದಿನ ಜಾಗ ಅವರದೇ ಆಗಿತ್ತು. ಅವರ ಮುಖದಲ್ಲಿ ಆ ವರ್ಷಗಳಲ್ಲಿ ನಾನು ಕಂಡದ್ದು ನೆಮ್ಮದಿಯೇ... ಅದನ್ನು ಉತ್ಪ್ರೇಕ್ಷೆಯಿಲ್ಲದೆ ಬರೆಯಬಲ್ಲೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಪಂಕ್ತಿ ತುಂಬಿದ್ದಾಗ, ಅವರು ರೊಟ್ಟಿಯ ಹಲಗೆ ಬಿಟ್ಟು ಎದ್ದರು. ಕೈ ತೊಳೆದುಕೊಂಡು ಸೊಸೆಗೆ, "ಇನ್ನ ನೀ ಕುಂದರು" ಎಂದರು. ನಿಧಾನವಾಗಿ ನಡೆದು ಬಂದು ನನ್ನ ಮತ್ತು ಕಂಡಕ್ಟರ ನಡುವೆ ಕುಳಿತರು. "ನನಗೂ ಹಾಕು."

ಕಂಡಕ್ಟರು ತಮ್ಮ ತಟ್ಟೆ ಸರಿಸಿದರು. "ಅಕ್ಕಾರ, ಇಲ್ಲಿ ಕುಂತರ ಟಿಕೆಟ್ ತಗೀಬೇಕು."

"ಪಾಸ್ ಐತಿ" ಎಂದರು ಅಕ್ಕಾರು. ಬಿಸಿ ರೊಟ್ಟಿ ಮುರಿದು, ಎಲ್ಲರ ಜತೆಗೆ ಉಂಡರು. ಬೇಸರವಾಯಿತೇ ಎಂದು ಸಂಜೆ ಕೇಳಿದ್ದಕ್ಕೆ, "ರೋಗ ಎಬ್ಬಿಸಿಲ್ಲ ತಮ್ಮಾ. ನಾನಽ ಎದ್ದು ಬಂದ್ನಿ" ಎಂದರು.

ಮರುವರ್ಷದ ಚಳಿಯಲ್ಲಿ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಒಂದು ವಾರ ಇದ್ದರು. ಆ ವೇಳೆಗೆ ನಾನು ಹುಕ್ಕೇರಿಗೆ ಮನೆ ಬದಲಿಸಿದ್ದೆ. ಸುದ್ದಿ ತಿಳಿದು ಗೋಕಾಕ ತಲುಪುವ ಹೊತ್ತಿಗೆ ಮಣ್ಣು ಕೊಟ್ಟಾಗಿತ್ತು. ಜೀವನವಿಡೀ ಹೊತ್ತಿಗೆ ಸರಿಯಾಗಿ ಸ್ಥಳ ತಲುಪುವ ಕೆಲಸ ಮಾಡಿದವನು ಅಂದು ತಲುಪಲಿಲ್ಲ.

ಈಗ ಖಾನಾವಳಿಯನ್ನು ಸೊಸೆ ನಡೆಸುತ್ತಾಳೆ. ಹೋದ ತಿಂಗಳು ಕೋರ್ಟಿನ ಕೆಲಸಕ್ಕೆ ಗೋಕಾಕಕ್ಕೆ ಹೋದವನು ಅಲ್ಲೇ ಊಟಕ್ಕೆ ಕುಳಿತೆ. ರೊಟ್ಟಿ ಚೆನ್ನಾಗಿತ್ತು, ಹಾಗೆಂದು ಹೇಳಿದೆ. ಅವಳು ಹಂಚಿನ ಮುಂದಿನಿಂದಲೇ, "ಅತ್ತಿ ಇದ್ದಿದ್ರ ದಂಡಿ ದಪ್ಪ ಆಗೇತಿ ಅಂತಿದ್ರು ನೋಡ್ರಿ" ಎಂದಳು.

ಮುರಿದು ನೋಡಿದೆ. ರೊಟ್ಟಿಯ ಅಂಚು ಸ್ವಲ್ಪ ದಪ್ಪವೇ ಇತ್ತು. ಅದನ್ನು ಹೇಳುವ ಹಕ್ಕಿದ್ದವರು ಒಬ್ಬರೇ. ನಾನು ಹೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.